ಮೇಸ್ತ್ರಿಯ ಕೈಯಿಂದಲೇ

ಹಸಿ ಸುಣ್ಣದ ಘಾಟು, ಬಾಗಿಲಿಗೆ ಕಟ್ಟಿದ ಮಾವಿನೆಲೆ ಗಾಳಿಗೆ ಪಟಪಟ — ನನ್ನ ಬಾಗಿಲು, ಹೌದು, ನನ್ನದೇ, ಮೈಕಿನಲ್ಲಿ ಫಾದರ್ ಹೇಳುತ್ತಿದ್ದಾರೆ, ರಾಮನಗರದ ಮೂರು ಚರ್ಚುಗಳು ಸೇರಿ ಸೂರಿಲ್ಲದ ಸಂಸಾರಗಳಿಗೆ ಕಟ್ಟಿಸಿದ ಮನೆಗಳಿವು, ಜನ ಚಪ್ಪಾಳೆ ತಟ್ಟುತ್ತಾರೆ, ನಾನು ತಟ್ಟುವುದಿಲ್ಲ, ನನ್ನ ಕಣ್ಣು ಅವನ ಮೇಲೆ, ಹಿಂದಿನ ಸಾಲಿನಲ್ಲಿ ಇಸ್ತ್ರಿ ಶರ್ಟು ತೊಟ್ಟು ನಿಂತ ಗಾರೆ ಮೇಸ್ತ್ರಿ ಬೋರಲಿಂಗಯ್ಯ, ನನ್ನ ಗಂಡನ ತಮ್ಮ, ಅವನಿನ್ನೂ ನನ್ನನ್ನು ಕಂಡಿಲ್ಲ — ಅಂದು ಕುದೂರಿನಲ್ಲಿ ನನ್ನ ಗಂಡ ಬೈರಪ್ಪನ ತಿಥಿಯ ಎಂಜಲೆಲೆಗಳನ್ನು ನಾಯಿಗಳು ಇನ್ನೂ ಎಳೆದಾಡುತ್ತಿದ್ದವು, ಗಂಡ ಸತ್ತ ದುಃಖಕ್ಕೆ ಅಳುವಷ್ಟೂ ಬಿಡುವು ಕೊಡದೆ ನನ್ನ ಪಾತ್ರೆ, ಟ್ರಂಕು, ಚಾಪೆ ಎಲ್ಲ ಬೀದಿಗೆಸೆದ ಇವನು, ಇದು ನಮ್ಮಪ್ಪನ ಮನೆ, ನಿಂದೇನೈತೆ ಇಲ್ಲಿ, ಎತ್ಕಂಡು ನಡೀ, ಮಗೀಗೆ ಜ್ವರ ಕಣಪ್ಪ, ಒಸಿ ಇಳೀಲಿ, ಆಮೇಕೆ ಹೋಯ್ತೀನಿ ಅಂದೆ, ಬಾಗಿಲು ಹಾಕಿಕೊಂಡುಬಿಟ್ಟ.

ಬಸ್ ಸ್ಟ್ಯಾಂಡು, ಆಮೇಲೆ ರಾಮನಗರದ ರೈಲು ಸ್ಟೇಷನ್ನು, ಮಗಳ ಮೈ ಕೆಂಡ, ಅಲ್ಲಿಂದ ಚರ್ಚಿನ ಹೆಂಗಸರು ಕರೆದೊಯ್ದರು, ಒಂದು ವಾರ ಈ ಚರ್ಚಿನ ಹಾಲ್‌ನಲ್ಲಿ, ಮರುವಾರ ಆ ಚರ್ಚಿನದರಲ್ಲಿ, ಚಾಪೆ ಸುತ್ತುವುದು, ಬಿಚ್ಚುವುದು, ಒಬ್ಬರು ಮೇಣದಬತ್ತಿ ಹಚ್ಚಿ ಮೆಲ್ಲಗೆ ಪ್ರಾರ್ಥಿಸುವವರು, ಇನ್ನೊಬ್ಬರು ಕೈಯೆತ್ತಿ ಕೂಗುವವರು, ತಮ್ಮತಮ್ಮಲ್ಲಿ ಅಷ್ಟಕ್ಕಷ್ಟೇ, ಆದರೆ ಸಾರಿನ ಹಂಡೆಗೆ ಮಾತ್ರ ಎರಡೂ ಕಡೆ ಕೈಹಾಕಿ ಒಟ್ಟಿಗೆ ಎತ್ತುತ್ತಿದ್ದರು, ನನ್ನ ಟ್ರಂಕಿನಲ್ಲಿದ್ದ ಮಾದಪ್ಪನ ಪಟವನ್ನು ತೆಗೆ ಎಂದು ಯಾರೂ ಹೇಳಲಿಲ್ಲ — ಆಡಿಕೊಂಡವನು ಈ ಬೋರಲಿಂಗ, ಊರ ತುಂಬ, ಕಿರಸ್ತಾನರ ಗಂಜಿ ಕುಡ್ಕಂಡು ನಮ್ ಮನೆ ಮಾನ ಕಳೀತಾವ್ಳೆ ಅಂತ, ಈಗ ಅದೇ ಕಿರಸ್ತಾನರ ಕೂಲಿಗೆ ಗೋಡೆ ಎಬ್ಬಿಸಿದ್ದಾನೆ, ಯಾರ ಮನೆ ಎಂದು ಕೇಳುವಷ್ಟೂ ಪುರುಸೊತ್ತಿಲ್ಲದೆ.

ನಾನು ಮನೆಯ ಪಾಯ ನೋಡಲು ಬಂದ ದಿನ ದೂರದಿಂದಲೇ ಅವನ ಗುರುತು ಹಿಡಿದೆ, ಆ ಗಿಡ್ಡ ಕತ್ತು, ಆ ಗದರುವ ದನಿ, ಒಂದು ಮಾತು ಹೇಳಿದ್ದರೆ ಫಾದರ್ ಅವನನ್ನು ಅಂದೇ ಕೆಲಸದಿಂದ ಬಿಡಿಸುತ್ತಿದ್ದರು, ನಾನು ಸೆರಗು ಮುಖಕ್ಕೆಳೆದುಕೊಂಡು ವಾಪಸಾದೆ, ಕಟ್ಟಲಿ, ಬಿಸಿಲಲ್ಲಿ ಬೆಂದು ನನಗೇ ಕಟ್ಟಲಿ, ಸಂಜೆ ಪ್ರಾರ್ಥನೆಯಲ್ಲಿ ಕ್ಷಮಿಸಿರಿ ಎಂದು ಎಲ್ಲರೂ ಹಾಡುವಾಗ ನಾನು ತುಟಿ ಮಾತ್ರ ಆಡಿಸಿದೆ, ಕೊನೆಗೆ ಒಂದೇ ಒಂದು ಕೇಳಿದೆ, ಮನೆ ಕೀನ ಮೇಸ್ತ್ರಿ ಕೈಯಿಂದ್ಲೇ ಕೊಡ್ಸಿ ಫಾದರ್, ದುಡಿದೋರ್ಗೂ ಮರ್ವಾದೆ ಆಗ್ಲಿ, ಅವರ ಕಣ್ಣು ಒದ್ದೆಯಾಯಿತು, ಎಂಥ ದೊಡ್ಡ ಮನಸ್ಸಮ್ಮ ನಿಂದು ಎಂದರು, ನಾನು ತಲೆ ತಗ್ಗಿಸಿದೆ, ನಗು ಕಾಣದಿರಲೆಂದು.

ಈಗ ಮೈಕಿನಲ್ಲಿ ಫಾದರ್ ಕೂಗುತ್ತಾರೆ, ಚಿಕ್ಕಲಕ್ಷ್ಮಮ್ಮ, ಬಾಮ್ಮ, ಮೇಸ್ತ್ರಿ ನೀವೂ ಬನ್ನಿ — ಬಂದ, ನನ್ನ ಹೆಸರು ಕಿವಿಗೆ ಬಿದ್ದಂತಿಲ್ಲ, ಹಲ್ಲು ಬಿಟ್ಟುಕೊಂಡು, ತಲೆ ಎತ್ತಿದ, ಹಲ್ಲು ಹಾಗೇ ಉಳಿಯಿತು, ನಗು ಹೋಯಿತು, ಅತ್ಗೆಮ್ಮಾ, ಗಂಟಲಲ್ಲೇ, ಕೀ ಚಾಚಿ ತಗಳಿ ಅಂದ, ಯಾರ್ ಮನೆ ಇದು ಬೋರಲಿಂಗ, ಅಂದೆ, ನಿಮ್ದು, ಕೇಳಿಸ್ನಿಲ್ಲ, ಮೈಕ್‌ನಾಗೆ ಹೇಳು, ನಿಮ್ದು ಅತ್ಗೆಮ್ಮಾ, ಅವನ ಉಸಿರು ಮೈಕಿನಲ್ಲಿ ಬುಸುಗುಟ್ಟಿತು, ಜನಕ್ಕೆ ಏನೂ ತಿಳಿಯದೆ ಮತ್ತೆ ಚಪ್ಪಾಳೆ, ತಗೊಳ್ಳಮ್ಮ ಎನ್ನುತ್ತಾರೆ ಫಾದರ್, ಮಗಳು ಸೆರಗು ಜಗ್ಗುತ್ತಾಳೆ, ತಗೊಳ್ಳುತ್ತೇನೆ, ನನ್ನ ಮನೆ, ತಗೊಳ್ಳದೆ ಏನು, ಆದರೆ ಈಗಲೇ ಅಲ್ಲ, ಚಾಚಿಕೊಂಡೇ ಇರಲಿ, ಸಿಮೆಂಟು ತಿಂದು ಬಿರಿದ ಆ ಅಂಗೈ, ನಡುವೆ ಹೊಳೆಯುವ ಕೀ, ಇನ್ನೊಂಚೂರು ಕಾಯಲಿ, ಆ ಅಂಗೈ, ಆ ಕೀ, ಚಾಚಿದ ಅಂಗೈ —