ರೋಣದಾಗ ನರಗುಂದ

ಗಜೇಂದ್ರಗಡದ ದವಾಖಾನೆಯ ಹೊರಗೆ ಡ್ರೈವರ್ ಮುತ್ತಣ್ಣ ಎರಡನೆಯ ಸಲ ಜೀಪಿನ ಹಾರ್ನ್ ಒತ್ತಿದಾಗ ಆಸಿಫಾಳ ಎದುರಿನ ಕಪ್ಪು ಪರದೆಯಲ್ಲಿ ರೋಣ ಎಂಬ ಹೆಸರೇ ಇರಲಿಲ್ಲ. ಒಂದು ನಿಮಿಷದ ಹಿಂದೆ ಇದ್ದದ್ದನ್ನು ಅವಳೇ ತೆಗೆದು, ಅದಕ್ಕೆ ಬರೀ ಎಕ್ಸ್ ಎಂದು ಹೆಸರಿಟ್ಟಿದ್ದಳು. ಎರಡು ಜೋಡಣೆಗೆ ಒಂದೇ ಹೆಸರನ್ನು ಯಂತ್ರ ಒಪ್ಪುವುದಿಲ್ಲ. ಅದಲುಬದಲು ಮಾಡಬೇಕೆಂದರೆ ಒಂದನ್ನು ತುಸು ಹೊತ್ತು ಬೇರೆ ಹೆಸರಿನಲ್ಲಿ ಬದಿಗಿಡಲೇಬೇಕು. ಈಗ ನರಗುಂದ ಎಂದಿದ್ದುದನ್ನು ರೋಣ ಮಾಡಿದಳು. ಬದಿಗಿಟ್ಟ ಎಕ್ಸ್ ಅನ್ನು ನರಗುಂದ ಮಾಡಿದಳು. ಹಳೆಯ ಹೆಸರು, ಹೊಸ ಹೆಸರು, ಎಂಟರ್. ಯಂತ್ರ ಮರುಮಾತಾಡದೆ ಮುಂದಿನ ಸಾಲಿಗೆ ಹೋಯಿತು.

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಜೀಪಿನ ಮುಂದಿನ ಸೀಟಿನ ಮೇಲಿಟ್ಟಳು.

“ಮನಿಯಾಗ ಮದುವಿ ಇಟಗೊಂಡು ಇನ್ನೂ ಇದರ ಮುಂದ ಕುಂತೀಯಲ್ಲ ತಂಗಿ” ಅಂದ ಮುತ್ತಣ್ಣ.

“ಒಂದ್ ಸಣ್ಣ ಕೆಲಸ ಉಳದಿತ್ತಣ್ಣಾ. ಶಾಂಭವಿ ಅಕ್ಕಗ ತ್ರಾಸ ಆಗಬಾರದಂತ.”

ಆ ಲ್ಯಾಪ್‌ಟಾಪು ವಾರವಿಡೀ ತಿರುಗುವ ಯಂತ್ರ. ಅದನ್ನು ಕೊಂಡಿದ್ದ ಸೇವಾಸಂಸ್ಥೆಗೆ ಮೂರು ಊರುಗಳಲ್ಲಿ ಮೂರು ಸಣ್ಣ ದವಾಖಾನೆಗಳಿದ್ದವು. ಸೋಮವಾರ, ಮಂಗಳವಾರ ರೋಣ. ಬುಧವಾರ, ಗುರುವಾರ ನರಗುಂದ. ಶುಕ್ರವಾರ, ಶನಿವಾರ ಗಜೇಂದ್ರಗಡ. ಎದೆನೋವೆಂದು ಬಂದವರ ಇಸಿಜಿಯನ್ನು ಟೆಲಿಫೋನ್ ತಂತಿಯ ಮೂಲಕ ಹುಬ್ಬಳ್ಳಿಗೆ ಕಳಿಸಿದರೆ ಅಲ್ಲಿಯ ಹೃದಯದ ಡಾಕ್ಟರು ಹತ್ತು ನಿಮಿಷದಲ್ಲಿ ನೋಡಿ, ಏನು ಮಾಡಬೇಕೆಂದು ತಿಳಿಸುತ್ತಿದ್ದರು. ಒಂದೊಂದು ಊರಿನ ತಂತಿಗೆ ಒಂದೊಂದು ಬಗೆಯ ಜೋಡಣೆ. ಯಂತ್ರ ಕೂಡಿಸಲು ಬಂದಿದ್ದ ಹುಡುಗ ಆ ಜೋಡಣೆಗಳನ್ನು ಮೂರು ಪ್ರೊಫೈಲಾಗಿ ಮಾಡಿ ಮೂರು ಊರಿನ ಹೆಸರಿಟ್ಟಿದ್ದ. ಅವಸರದಲ್ಲಿ ರೋಣದ್ದಕ್ಕೆ ನರಗುಂದ ಎಂದೂ ನರಗುಂದದ್ದಕ್ಕೆ ರೋಣ ಎಂದೂ ಬರೆದುಬಿಟ್ಟಿದ್ದ. ಆಸಿಫಾ ಹೇಳಿದರೆ, “ಕೆಲಸ ನಡೀತೈತಿಲ್ಲ, ಮುಟ್ಟಬ್ಯಾಡ” ಅಂದಿದ್ದ. ಪರದೆಯ ಕಿಟಕಿಯಲ್ಲಿ ಹೆಸರು ತಿದ್ದಲು ಬರದಂತೆ ಬೀಗ ಹಾಕಿಯೂ ಹೋಗಿದ್ದ.

ಹೀಗಾಗಿ ಒಂದು ವರ್ಷದಿಂದ ಆಸಿಫಾ ರೋಣದಲ್ಲಿ ಕೂತಾಗ ನರಗುಂದ ಒತ್ತುತ್ತಿದ್ದಳು, ನರಗುಂದದಲ್ಲಿ ಕೂತಾಗ ರೋಣ. ಅವಳ ಬೆರಳಿಗೆ ಅದು ರೂಢಿಯಾಗಿತ್ತು. ತಂಗಿ ನಜ್ಮಾಳ ಮದುವೆಗೆಂದು ಮುಂದಿನ ಸೋಮವಾರ, ಮಂಗಳವಾರ ರಜೆ ಕೇಳಿದ ಮೇಲೆ, ಆ ಎರಡು ದಿನ ಯಂತ್ರ ನೋಡಿಕೊಳ್ಳಬೇಕಾದ ರೋಣದ ನರ್ಸ್ ಶಾಂಭವಿಗೆ ಅದನ್ನು ಕಲಿಸಬೇಕಾಯಿತು. ಹೋದ ಮಂಗಳವಾರವೇ ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಲ ಮಾಡಿಸಿದ್ದಳು.

“ಇದು ಉಲ್ಟಾ ಐತಕ್ಕಾ. ರೋಣದಾಗ ನರಗುಂದ ಒತ್ರಿ. ರೋಣ ಅಂತ ಕಾಣತೈತಲ್ಲ, ಅದನ್ನ ಮಾತ್ರ ಮುಟ್ಟಬ್ಯಾಡ್ರಿ.”

“ಮುಟ್ಟಿದ್ರ ಏನಾಕ್ಕೈತಿ?”

ಏನೂ ಆಗುವುದಿಲ್ಲವೆಂದು ಆಸಿಫಾಳಿಗೆ ಗೊತ್ತಿತ್ತು. ಆದರೆ ಶಾಂಭವಿಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಲೆಂದು, “ಎಲ್ಲಾ ಕೆಟ್ಟ ಹೊಕ್ಕೈತ್ರಿ” ಅಂದಳು.

ಶನಿವಾರ ಮಧ್ಯಾಹ್ನ, ಜೀಪು ಬರುವ ಮೊದಲು, ಅದೇ ಮಾತು ನೆನಪಾಗಿ ನಾಚಿಕೆಯಾಯಿತು. ಗದಗಿನಲ್ಲಿ ಕಂಪ್ಯೂಟರ್ ಕಲಿಯುವಾಗ ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಕೆಲಸ ಮಾಡಿಸುವುದು ಅವಳಿಗೆ ಎಲ್ಲಕ್ಕಿಂತ ಇಷ್ಟವಾಗಿತ್ತು. ಕಿಟಕಿಯಲ್ಲಿ ಬೀಗವಿದ್ದರೂ ಆಜ್ಞೆಗೆ ಬೀಗವಿಲ್ಲ ಎಂಬುದು ಮೂರು ಊರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಎರಡು ನಿಮಿಷದ ಕೆಲಸ. ಇನ್ನು ಶಾಂಭವಿ ಉಲ್ಟಾ ನೆನಪಿಡುವ ಕಾರಣವಿಲ್ಲ. ಒಂದು ಫೋನ್ ಮಾಡಿ ಹೇಳಿದರಾಯಿತು.

ಆ ಸಂಜೆ ಮೂಲೆಯಂಗಡಿಯಿಂದ ರೋಣದ ದವಾಖಾನೆಗೆ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಅಲ್ಲಿಯ ಲೈನ್ ಬಿಡುವಿರಲಿಲ್ಲ. ಮೂರನೆಯ ಸಲ ಮಾಡಬೇಕೆನ್ನುವಷ್ಟರಲ್ಲಿ ಅಬ್ಬಾ ದಾದಾಪೀರ ಹುಡುಕಿಕೊಂಡು ಬಂದ; ಮೆಹಂದಿಗೆ ಹೆಂಗಸರು ಬಂದು ಕೂತಿದ್ದಾರೆ, ಅಮ್ಮಿ ಕೂಗುತ್ತಿದ್ದಾಳೆ. ಆಮೇಲೆ ಮಾಡೋಣ ಅಂದುಕೊಂಡು ಹೋದಳು. ಭಾನುವಾರ ನಿಕಾಹ್. ಸೋಮವಾರ ನಜ್ಮಾಳನ್ನು ಕಳಿಸಿಕೊಟ್ಟು, ಮಂಗಳವಾರ ಪಾತ್ರೆ, ಜಮಖಾನೆಗಳನ್ನು ಮರಳಿಸಿ, ಬುಧವಾರ ಮಿಠಾಯಿಯ ಡಬ್ಬಿ ಹಿಡಿದು ನರಗುಂದಕ್ಕೆಂದು ಜೀಪು ಹತ್ತಿದಾಗಲೂ ಅವಳಿಗೆ ಆ ಫೋನ್ ನೆನಪಾಗಿರಲಿಲ್ಲ.

ಮುತ್ತಣ್ಣ ಡಬ್ಬಿಯ ಕಡೆ ನೋಡಲಿಲ್ಲ. “ನರಗುಂದಕ್ಕ ಅಲ್ಲ, ಮೊದಲ ರೋಣಕ್ಕ ಬರಬೇಕಂತ. ಅಬ್ಬಿಗೇರಿ ಡಾಕ್ಟರ್ ಕರದಾರ.”

ದಾರಿಯಲ್ಲಿ ಅವನೇ ಎಲ್ಲ ಹೇಳಿದ. ಸೋಮವಾರ ಹತ್ತು ಗಂಟೆಗೆ ಸವಡಿಯಿಂದ ಕರಿಯವ್ವ ಎಂಬಾಕೆಯನ್ನು ಟಂಟಂ ಆಟೋದಲ್ಲಿ ಕರೆತಂದಿದ್ದರು. ಎದೆ ಹಿಂಡುತ್ತದೆ, ಎಡಗೈ ಜೋಮು. ಶಾಂಭವಿ ಇಸಿಜಿ ತೆಗೆದು ಕಳಿಸಲು ಕೂತಳು. ಹೋಗಲಿಲ್ಲ. ಮತ್ತೆ ಮಾಡಿದಳು. ಹೋಗಲಿಲ್ಲ. ಹುಬ್ಬಳ್ಳಿಗೆ ಫೋನ್ ಹಚ್ಚಿದರೆ ಅಲ್ಲಿಯವರು, ನೋಡದೆ ಏನು ಹೇಳಲಿ, ಮೊದಲು ಕಳಿಸಿ ಅಂದರು. ದವಾಖಾನೆಗೆ ಹೊಸದಾಗಿ ಸೇರಿದ್ದ ಡಾಕ್ಟರಿಗೆ ತಾನೇ ನಿರ್ಧರಿಸುವ ಧೈರ್ಯ ಸಾಲಲಿಲ್ಲ. ಎರಡು ತಾಸು ಹೋಯಿತು. ಕೊನೆಗೆ ಇದೇ ಜೀಪಿನಲ್ಲಿ ಗದಗಿಗೆ ಒಯ್ದರು.

“ಜೀವಕ್ಕ ಏನೂ ಆಗಿಲ್ಲ” ಅಂದ ಮುತ್ತಣ್ಣ. “ಆದ್ರ ಎದಿ ಒಂದ್ ಭಾಗ ಸತ್ತೈತಂತ. ತಾಸ್ ಮೊದಲ ಬಂದಿದ್ರ ಅಂದ್ರು ಗದಗಿನವರು.”

ಆಸಿಫಾಳಿಗೆ ಆಗ ಫೋನು ನೆನಪಾಯಿತು. ಜೀಪಿನ ಕಬ್ಬಿಣದ ಹಿಡಿಕೆಯನ್ನು ಹಿಡಿದುಕೊಂಡಳು. ರೋಣ ಬರುವ ತನಕ ಬಿಡಲಿಲ್ಲ.

ಅಬ್ಬಿಗೇರಿ ಡಾಕ್ಟರು ಮೂರೂ ದವಾಖಾನೆಗಳ ಆಡಳಿತ ನೋಡುವವರು, ದನಿ ಏರಿಸುವವರಲ್ಲ. ಅವರ ಮೇಜಿನ ಈಚೆಗೆ ಶಾಂಭವಿ ನಿಂತಿದ್ದಳು. ಹದಿನಾಲ್ಕು ವರ್ಷ ನರ್ಸಾಗಿದ್ದ ಹೆಂಗಸು ಸೆರಗಿನ ತುದಿಯನ್ನು ಹುಡುಗಿಯಂತೆ ಬೆರಳಿಗೆ ಸುತ್ತಿಕೊಂಡಿದ್ದಳು. ಹಿಂದಿನ ದಿನ ಹುಬ್ಬಳ್ಳಿಯಿಂದ ರಿಪೇರಿಯವನು ಬಂದು ಯಂತ್ರ ನೋಡಿ ಹೋಗಿದ್ದ. ಅವನ ವರದಿ ಮೇಜಿನ ಮೇಲಿತ್ತು: ಯಂತ್ರದಲ್ಲಿ ದೋಷವಿಲ್ಲ, ತಂತಿಯಲ್ಲಿ ದೋಷವಿಲ್ಲ, ಹೆಸರುಗಳು ಸರಿಯಾಗಿವೆ, ರೋಣದಲ್ಲಿ ಕೂತು ನರಗುಂದವನ್ನು ಒತ್ತಲಾಗಿದೆ.

“ಸಾಲಿ ಹುಡುಗರಿಗೂ ತಿಳೀತೈತಿ ಶಾಂಭವಿ” ಅಂದರು ಡಾಕ್ಟರು. “ಊರ ಹೆಸರ ಬರದೈತಿ. ಯಾವ ಊರಾಗ ಅದೀವಿ ಅನ್ನೋದು ಗೊತ್ತಿಲ್ಲೇನು?”

“ಆಸಿಫಾನ ಹಂಗ ಹೇಳಿದ್ಲರಿ ಸರ್. ರೋಣದಾಗ ನರಗುಂದ ಒತ್ತಬೇಕು ಅಂತ.”

ಡಾಕ್ಟರು ಆಸಿಫಾಳ ಕಡೆ ತಿರುಗಿದರು. “ಹೌದೇನವಾ? ಹಂಗ ಹೇಳಿದ್ದೇನು?”

ಮಾರ್ಚಿಗೆ ಅವಳ ಕೆಲಸದ ಕರಾರು ಮುಗಿಯುವುದಿತ್ತು. ಮುಂದುವರಿಸುವ ಸಹಿ ಇದೇ ಕೈಯದು. ಆದರೆ ಆ ಗಳಿಗೆಯಲ್ಲಿ ಅವಳಿಗೆ ಅದೊಂದೂ ಹೊಳೆಯಲಿಲ್ಲ. ಮೊದಲು ಬಂದದ್ದು ಬರೀ ಭಯ, ಅದರ ಬೆನ್ನಿಗೇ ಒಂದು ಮಾತು.

“ರೋಣದಾಗ ರೋಣಾನ ಒತ್ತಬೇಕ್ರಿ ಸರ್.”

ಮಾತು ನಿಜವೇ ಆಗಿತ್ತು. ಡಾಕ್ಟರು ತಲೆಯಾಡಿಸಿ ಕಾಗದದ ಮೇಲೆ ಏನೋ ಬರೆದುಕೊಂಡರು. ಶಾಂಭವಿ ಆಸಿಫಾಳ ಮುಖವನ್ನೊಮ್ಮೆ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಮಾತು ಅರ್ಥವಾಗದವಳು ಇನ್ನೊಮ್ಮೆ ಹೇಳೆಂದು ಕೇಳುವಾಗ ನೋಡುವಂತೆ ನೋಡಿ, ಕಣ್ಣು ಕೆಳಗೆ ಮಾಡಿದಳು.

“ಹಂಗಾರ ನಾನ ತಪ್ಪ ಕೇಳಿರಬೇಕ್ರಿ” ಅಂದಳು.

ಮರುವಾರ ಶಾಂಭವಿಯನ್ನು ನರಗುಂದಕ್ಕೆ ಹಾಕಿದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ನೀಲವ್ವನನ್ನು ನೆರೆಯವರಿಗೆ ಒಪ್ಪಿಸಿ, ಬೆಳಗಿನ ಮೊದಲ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಾಳೆಂದು ಮುತ್ತಣ್ಣ ಹೇಳಿದ. ಬುಧವಾರ, ಗುರುವಾರ ನರಗುಂದದಲ್ಲಿ ಇಬ್ಬರೂ ಒಂದೇ ಕಟ್ಟಡದಲ್ಲಿರುತ್ತಿದ್ದರು. ಆಸಿಫಾ ಯಂತ್ರದ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಊಟದ ಡಬ್ಬಿಯನ್ನೂ ಒಳಗೇ ಬಿಚ್ಚುತ್ತಿದ್ದಳು. ಕೆಲಸವೇನೋ ಸಲೀಸಾಗಿ ನಡೆಯುತ್ತಿತ್ತು. ರೋಣದಲ್ಲಿ ರೋಣ, ನರಗುಂದದಲ್ಲಿ ನರಗುಂದ.

ಮೂರು ವಾರದ ಮೇಲೊಂದು ಸೋಮವಾರ ಕರಿಯವ್ವ ತಪಾಸಣೆಗೆ ಬಂದಳು. ಆಸಿಫಾ ಅವಳನ್ನು ಕಂಡದ್ದು ಅದೇ ಮೊದಲು. ಐವತ್ತೈದರ ಒಳಗಿನ ಗಟ್ಟಿಮುಟ್ಟಾದ ಹೆಂಗಸು, ಹೊರಗಿನ ಮೂರು ಮೆಟ್ಟಿಲು ಹತ್ತುವುದಕ್ಕೆ ಎರಡು ಸಲ ನಿಂತಳು. ಇಸಿಜಿ ಕಳಿಸಿ ಉತ್ತರಕ್ಕೆ ಕಾಯುವಾಗ ಅವಳೇ ಮಾತು ತೆಗೆದಳು.

“ಈ ಡಬ್ಬಿ ನೋಡಕೊಳ್ಳಾಕಿ ನೀನ ಏನಬೇ?”

“ಹೌದ್ರಿ.”

“ಅವತ್ತ ನೀ ರಜಾ ಇದ್ದೆಂತ. ಆ ನರ್ಸವ್ವಗ ಅಕ್ಷರಾನೂ ತಿಳೀಲಿಲ್ಲಂತಲ್ಲ. ನಮ್ಮ ಓಣ್ಯಾಗೆಲ್ಲಾ ಅದ ಮಾತು.” ಉಸಿರು ಎಳೆದುಕೊಂಡು ಮತ್ತೆ ಅಂದಳು: “ಭಾಳ ಚಲೋ ಹೆಂಗಸ ಅಕಿ. ನನ್ನ ಕಾಲ ತಿಕ್ಕೋಂತ ಕುಂತಿದ್ಲು. ಆದ್ರ ತಿಳೀಬೇಕಲ್ಲ. ನೀ ಇದ್ದಿದ್ರ ನಾ ಹಿಂಗ ಆಗತಿದ್ದಿಲ್ಲ ತಂಗಿ. ದೇವರು ನಿನ್ನ ಚಲೋ ಇಟ್ಟಿರಲಿ.”

ಕೈ ಚಾಚಿ ಆಸಿಫಾಳ ಗಲ್ಲ ಮುಟ್ಟಿದಳು. ಆ ಕೈ ಒರಟಾಗಿತ್ತು, ಬೆಚ್ಚಗಿತ್ತು. ಹುಬ್ಬಳ್ಳಿಯ ಉತ್ತರ ಬಂತು. ಆಸಿಫಾ ಅದನ್ನು ಹೊಸ ಡಾಕ್ಟರಿಗೆ ಮುಟ್ಟಿಸಿ, ಹಿಂದಿನ ಅಂಗಳದ ನಳದ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಳು. ಮರಳಿ ಬಂದವಳು ಲ್ಯಾಪ್‌ಟಾಪನ್ನು ಎತ್ತಿಕೊಂಡು ನೇರ ಅಬ್ಬಿಗೇರಿ ಡಾಕ್ಟರ ಕೋಣೆಗೆ ನಡೆದಳು.

“ಸರ್, ಒಂದ್ ತೋರಸೋದೈತ್ರಿ.”

ಕಪ್ಪು ಪರದೆ ತೆರೆದಳು. ರೋಣವನ್ನು ಎಕ್ಸ್ ಮಾಡಿದಳು, ನರಗುಂದವನ್ನು ರೋಣ ಮಾಡಿದಳು, ಎಕ್ಸ್ ಅನ್ನು ನರಗುಂದ ಮಾಡಿದಳು. “ಮದುವಿಗಿಂತ ಮೊದಲ ಹಿಂಗ ಇತ್ತರಿ, ವರ್ಷದಿಂದ. ಶಾಂಭವಿ ಅಕ್ಕಗ ನಾ ಹಿಂಗಿದ್ದಾಗ ಹೇಳಿಕೊಟ್ಟಿದ್ದೆ. ರೋಣದಾಗ ನರಗುಂದ ಒತ್ರಿ ಅಂತ ಹೇಳಿದ್ದೆ. ರೋಣ ಮುಟ್ಟಿದ್ರ ಕೆಡತೈತಿ ಅಂತಾನೂ ಹೇಳಿದ್ದೆ.” ಮತ್ತೆ ಮೂರು ಸಾಲು ಬರೆದಳು. ಹೆಸರುಗಳು ಮರಳಿ ಸರಿಯಾದವು. “ಶನಿವಾರ ನಾನ ಹಿಂಗ ತಿರುವಿದೆ. ತಿರುವಿದ್ದು ಅಕಿಗೆ ಹೇಳಲಿಲ್ಲ.”

ಡಾಕ್ಟರು ಕನ್ನಡಕ ತೆಗೆದು ಪರದೆಯನ್ನು ನೋಡುತ್ತಿದ್ದರು. ಎರಡು ಊರುಗಳು ಕಣ್ಣೆದುರೇ ಅತ್ತಿಂದಿತ್ತ ಸರಿದದ್ದು ಅವರಿಗೆ ನಂಬಿಕೆಯಾಗದಂತಿತ್ತು.

“ನಿನಗ ಯಾರ್ ಹೇಳಿದ್ರು ತಿರುವು ಅಂತ?”

“ಯಾರೂ ಇಲ್ರಿ.”

“ಅವತ್ತ ಇಲ್ಲೇ ನಿಂತಾಗ ಕೇಳಿದ್ನಲ್ಲ.”

“ಸುಳ್ಳ ಹೇಳಲಿಲ್ರಿ ಸರ್. ಖರೇನೂ ಹೇಳಲಿಲ್ಲ.”

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ವರದಿ ಮೇಲಿನವರಿಗೆ ಹೋಗಿ ಆಗಿದೆ, ಅದನ್ನು ತಿದ್ದಿ ಕಳಿಸಬೇಕು, ಅವಳ ಹೆಸರನ್ನೂ ಬರೆಯಬೇಕು ಅಂದರು. ಮಾರ್ಚ್ ಆದ ಮೇಲೆ ಅವಳ ಕರಾರು ಇರುವುದಿಲ್ಲ. ಶಾಂಭವಿಯನ್ನು ಒಂದನೆಯ ತಾರೀಖಿನಿಂದ ರೋಣಕ್ಕೆ ಕರೆಸುತ್ತೇನೆ ಎಂದೂ ಹೇಳಿದರು.

“ಆರ್ಡರ್ ನಾ ಕಳಸ್ತೀನಿ” ಅಂದರು. “ಆದ್ರ ಸುದ್ದಿ ಕಾಗದದಾಗ ಗೊತ್ತಾಗಬಾರದು. ನೀನ ಹೋಗಿ ಹೇಳು.”

ಬುಧವಾರ ನರಗುಂದದಲ್ಲಿ ಆಸಿಫಾ ಯಂತ್ರವನ್ನು ಹಚ್ಚಿಟ್ಟು ವಾರ್ಡಿನ ಕಡೆ ಹೋದಳು. ಬಾಗಿಲ ಬಳಿಯ ಮೇಜಿನಲ್ಲಿ ಅಲ್ಲಿಯ ಕಿರಿಯ ನರ್ಸ್ ಕಮರುನ್ನಿಸಾ ಹತ್ತಿ ಸುತ್ತುತ್ತಿದ್ದಳು. ಶಾಂಭವಿ ವರಾಂಡದ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಸೊರಗಿದ್ದಳು. ಆಸಿಫಾಳನ್ನು ಕಂಡು ಸರಿದು ಜಾಗ ಮಾಡಿದಳು.

ಆಸಿಫಾ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು: ಶನಿವಾರದ ಮೂರು ಸಾಲು, ಹತ್ತದ ಫೋನು, ಡಾಕ್ಟರ ಮುಂದೆ ಆಡಿದ ಮಾತು. ಹೇಳುವಾಗ ದನಿ ನಡುಗಲಿಲ್ಲ. ಎರಡು ದಿನದಿಂದ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡಿದ್ದಳು. ಶಾಂಭವಿ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟಳು.

“ಅವತ್ತ ಡಾಕ್ಟರ್ ಕೇಳಿದಾಗ, ನೀ ಹೇಳಿದ್ದು ನಿನಗ ನೆನಪಿತ್ತೇನು?”

“ಇತ್ತಕ್ಕಾ.”

“ಹೂಂ” ಅಂದಳು ಶಾಂಭವಿ. “ನಾ ಮನಿಯಾಗ ಅತ್ತಿನ್ನ ಕೇಳ್ತಿದ್ದೆ. ಅತ್ತೀ, ನೀವು ಈಗ ನೀರ ಅಂದ್ರೋ ಗಂಜಿ ಅಂದ್ರೋ ಅಂತ. ಅಕಿ ನಗತಿದ್ಲು.”

“ತಪ್ಪಾತಕ್ಕಾ.”

ಒಳಗಿನಿಂದ ಯಾರೋ “ಸಿಸ್ಟರ್” ಎಂದು ಕರೆದರು. ನಾಲ್ಕನೆಯ ಮಂಚದ ಮುದುಕನಿಗೆ ಇಂಜೆಕ್ಷನ್ ಹೊತ್ತಾಗಿತ್ತು. ಶಾಂಭವಿ ಎದ್ದು, ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು. ಆಸಿಫಾ ಬಾಗಿಲಲ್ಲೇ ನಿಂತಳು.

ಶಾಂಭವಿ ಕಪಾಟಿನಿಂದ ಔಷಧದ ಸಣ್ಣ ಶೀಸೆ ತೆಗೆದಳು. ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ತಿರುಗಿಸಿ ಮತ್ತೆ ಓದಿದಳು. ಆಮೇಲೆ ಮೇಜಿನ ಹತ್ತಿರ ಬಂದು ಅದನ್ನು ಕಮರುನ್ನಿಸಾಳ ಮುಂದೆ ಚಾಚಿದಳು. ಕಮರುನ್ನಿಸಾ ಹತ್ತಿ ಸುತ್ತುವುದನ್ನು ನಿಲ್ಲಿಸದೆ, ದಿನವೂ ಮಾಡುವ ಕೆಲಸವೆಂಬಂತೆ ಕತ್ತು ಬಾಗಿಸಿ, ಶೀಸೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಒಂದೊಂದೇ ಅಕ್ಷರ ಬಿಡಿಸಿ ಓದಿದಳು. ಶಾಂಭವಿ ತುಟಿಯಲ್ಲೇ ಅದನ್ನು ಇನ್ನೊಮ್ಮೆ ಹೇಳಿಕೊಂಡು, ಸೂಜಿಯನ್ನು ಶೀಸೆಯೊಳಗೆ ಇಳಿಸಿದಳು.