ಕೈ ಬಿಗಿ

ಶವವನ್ನು ಮಂಚದಿಂದ ಎತ್ತಲು ನಾಲ್ವರು ಬಗ್ಗಿದ್ದರು. ಅಷ್ಟರಲ್ಲಿ ಸೊಸೆ ಕೊಟ್ಟಿಗೆಯಿಂದ ಬಂದು, ಬೆಳಿಗ್ಗೆ ಕರು ಹಾಕಿದ ಹಸು ಏಳುತ್ತಿಲ್ಲ ಎಂದಳು. ಕುತ್ತಿಗೆಯನ್ನು ಪಕ್ಕೆಗೆ ಮಡಚಿಕೊಂಡು ಬಿದ್ದಿದೆ, ಕಿವಿ ತಣ್ಣಗಿವೆ.

ನಾಲ್ವರೂ ನೆಟ್ಟಗಾದರು. ಹೆಣ ಮನೆಯಲ್ಲಿಟ್ಟುಕೊಂಡು ದನದ ಉಪಚಾರವೇ ಎಂದು ಸತ್ತವಳ ನಾದಿನಿ ಗೊಣಗಿದಳು. ಮಣ್ಣಿಗೆಂದು ಬಂದಿದ್ದ ಪಶುವೈದ್ಯ ಆಗಲೇ ತೋಳು ಮಡಚುತ್ತಿದ್ದ.

"ಹಾಲುಜ್ವರ. ಹಸು ಕಾಯಲ್ಲ."

"ಅಮ್ಮ ಕಾಯ್ತಾಳೆ," ಎಂದ ಮಗ.

*

ಊರವರು ಅವಳನ್ನು ಬಿಗಿಗೈ ಅಕ್ಕ ಎನ್ನುತ್ತಿದ್ದರು. ದಿನ ತುಂಬಿದ ಹಸುವಿನ ಮುಂದೆ ಒಣಹುಲ್ಲು ಎಷ್ಟಾದರೂ ಹರಡುವಳು, ಹಿಂಡಿಗೆ ಮಾತ್ರ ಕೈ ಬಿಗಿ. ಬಸುರಿಗೇ ಹೊಟ್ಟೆ ಕಟ್ಟುತ್ತಾಳೆಂದು ನಾದಿನಿ ಆಡಿಕೊಂಡರೆ, ಕರು ಹಾಕಲಿ, ಆಮೇಲೆ ನೋಡು ಎನ್ನುವಳು. ಕರು ಹಾಕಿದ ಮೇಲೆ ದಿನದಿನಕ್ಕೂ ಕೈ ಸಡಿಲವಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಗಂಡ ಮುದ್ದಿನಿಂದ ತಿನ್ನಿಸಿ ಕೊಬ್ಬಿಸಿದ್ದ ಹಸುವೊಂದು ಈದ ಮರುದಿನವೇ ಸತ್ತಿತ್ತು. ಅಂದಿನಿಂದ ಹಿಂಡಿಯ ಡ್ರಮ್ಮಿನ ಹತ್ತಿರ ಅವನನ್ನು ಸೇರಿಸಿರಲಿಲ್ಲ.

ಗಂಟಲಿನ ರೋಗ ಅವಳನ್ನು ಮಲಗಿಸಿದಾಗ ಕೊಟ್ಟಿಗೆ ಅವನ ಪಾಲಿಗೆ ಬಂತು. ಚಮಚದ ಗಂಜಿಯೂ ಅವಳಿಗೆ ಇಳಿಯುತ್ತಿರಲಿಲ್ಲ. ಅವನು ಬಟ್ಟಲು ಹಿಡಿದು ಬಹಳ ಹೊತ್ತು ಕೂರುವನು; ಆಮೇಲೆ ಎದ್ದು ಕೊಟ್ಟಿಗೆಗೆ ಹೋಗುವನು. ಡ್ರಮ್ಮಿನ ಮುಚ್ಚಳ ತೆಗೆದ ಸದ್ದು ಅವಳಿಗೆ ಮತ್ತೆ ಮತ್ತೆ ಕೇಳಿಸುತ್ತಿತ್ತು. ಒಮ್ಮೆ ಸೊಸೆ ತಡೆಯಲು ಹೊರಟಳು. ಅವಳು ಸೊಸೆಯ ಕೈ ಹಿಡಿದು, ಬೇಡ ಎಂದು ತಲೆಯಾಡಿಸಿದಳು.

*

ವೈದ್ಯ ಹಸುವಿನ ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿದ. ಮಗ ಕ್ಯಾಲ್ಸಿಯಂ ಬಾಟಲಿ ಎತ್ತಿ ಹಿಡಿದ. ಔಷಧಿ ಬೇಗ ಹರಿದರೆ ಎದೆಬಡಿತವೇ ನಿಂತೀತೆಂದು ವೈದ್ಯ ಸ್ಟೆತಸ್ಕೋಪು ಇಟ್ಟುಕೊಂಡೇ ಕೂತ. ಹಸು ಇಷ್ಟು ಕೊಬ್ಬಿದ್ದು ಹೇಗೆ, ಅಕ್ಕ ಹೀಗೆ ಬಿಡುವವರಲ್ಲವಲ್ಲ ಎಂದು ಕೇಳಿದ.

ಬಾಗಿಲಲ್ಲಿ ನಿಂತಿದ್ದ ಗಂಡ, "ನಾನೇ ಹಾಕಿದ್ದು," ಎಂದ. ಹಸುವಿನತ್ತ ಕೈ ತೋರಿಸಿ, "ಅವಳು ತಿಂತಿರಲಿಲ್ಲ. ಇದು ತಿಂತಿತ್ತು," ಎಂದ.

ವೈದ್ಯ ಬಾಟಲಿಯನ್ನು ಇನ್ನಷ್ಟು ಕೆಳಗಿಳಿಸುವಂತೆ ಮಗನಿಗೆ ಸನ್ನೆ ಮಾಡಿದ.

ಬಾಟಲಿ ಮುಗಿಯುವ ಹೊತ್ತಿಗೆ ಹಸು ಮೈ ನಡುಗಿಸಿತು, ತೇಗಿತು, ಧಾರಾಳವಾಗಿ ಸಗಣಿ ಹಾಕಿತು. ಇಷ್ಟಾದರೆ ಗೆದ್ದ ಹಾಗೆ ಎಂದ ವೈದ್ಯ. ಹೊರಗಿದ್ದ ಗಂಡಸರು ಬಂದು ಪಕ್ಕೆಗೆ ಭುಜ ಕೊಟ್ಟರು. ಹಸು ಹಿಂಗಾಲೂರಿ, ತೂರಾಡಿ, ಎದ್ದು ನಿಂತಿತು.

ಎಲ್ಲರೂ ಕೈ ತೊಳೆದು ಶವವನ್ನು ಎತ್ತಿಕೊಂಡು ಹೊರಟರು. ಗಂಡ ತಿರುಗಿ ನೋಡದೆ ಹಿಂದೆ ನಡೆದ.

ನಾದಿನಿ ಮನೆಯಲ್ಲೇ ಉಳಿದಳು. ಖಾಲಿ ಮಂಚದ ಮೇಲಿದ್ದ ಕಂಬಳಿಯನ್ನು ಎತ್ತಿ ಕೊಡವಿ, ಕೊಟ್ಟಿಗೆಗೆ ಒಯ್ದು ಹಸುವಿನ ಬೆನ್ನಿಗೆ ಹೊದಿಸಿದಳು. ಅದರಡಿಯಲ್ಲಿ ಹಸು ಇನ್ನೂ ನಡುಗುತ್ತಲೇ ಕರುವನ್ನು ನೆಕ್ಕುತ್ತಿತ್ತು.