ಕಾರಿನ ನೀರು ಎಲ್ಲಿ ಹೋಗುತ್ತಿತ್ತು

ನಮ್ಮ ಕಾರು ನೀರು ಕುಡಿಯತೊಡಗಿದ್ದು ಜೂನ್ ತಿಂಗಳಲ್ಲಿ. ದಿನಾ ಬೆಳಿಗ್ಗೆ ರೇಡಿಯೇಟರಿಗೆ ಒಂದು ಲೋಟ ನೀರು ಬೇಕಾಗುತ್ತಿತ್ತು. ಆದರೆ ಕಾರು ನಿಂತ ಜಾಗದಲ್ಲಿ ಒಂದು ಹನಿಯೂ ಕಾಣುತ್ತಿರಲಿಲ್ಲ. ಮಗಳು ಸೆಕೇಲಾಳನ್ನು ನೋಡಲು ಟುಕುಯುವಿನಿಂದ ಎಂಬೇಯಾಕ್ಕೆ ಹೊರಟರೆ, ಇಸೊಂಗೊಲೆಯ ಏರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಬಂದು ನಿಲ್ಲುತ್ತಿತ್ತು.

ಬಸ್ ನಿಲ್ದಾಣದ ಹಿಂದಿನ ಮೆಕ್ಯಾನಿಕ್ ಗ್ವಾಕಿಸಾ ಬಾನೆಟ್ ಎತ್ತಿದ, ಎಂಜಿನ್ ಚಾಲೂ ಮಾಡಿಸಿದ, ಕೈ ಒರೆಸಿಕೊಂಡ. ನಮ್ಮ ಕಡೆ ಅಮ್ಮನನ್ನು ಕರೆಯುವಂತೆ ನನ್ನನ್ನು ಮಾಮಾ ಎಂದ.

"ಹೆಡ್ ಗ್ಯಾಸ್ಕೆಟ್ ಹೋಗಿದೆ ಮಾಮಾ. ನೀರು ಒಳಗೊಳಗೇ ಸುಟ್ಟುಹೋಗ್ತಿದೆ. ಎಂಜಿನ್ ಬಿಚ್ಚಬೇಕು, ಒಂದು ವಾರ ಆಗುತ್ತೆ."

ಪಕ್ಕದಲ್ಲಿದ್ದ ನನ್ನ ಗಂಡ ಅಂಬಾಕಿಸ್ಯೆ ಕೇಳಿದರು, "ಪರೀಕ್ಷೆ ಏನ್ ಮಾಡಿದೆಯಪ್ಪಾ?"

"ಇಪ್ಪತ್ತು ವರ್ಷದಿಂದ ಇದೇ ಕೆಲಸ ಹಿರಿಯರೇ. ನೋಡಿದ್ರೆ ಗೊತ್ತಾಗುತ್ತೆ."

"ನಾನೂ ಮೂವತ್ತೊಂದು ವರ್ಷ ನೋಡಿದೀನಿ. ಮುಖ ನೋಡಿ ಮಲೇರಿಯಾ ಅಂತ ಕಳಿಸ್ತಿದ್ರಲ್ಲ, ಅವರಲ್ಲಿ ಅರ್ಧ ಜನಕ್ಕೆ ಬರೀ ನೆಗಡಿ."

ಅವರು ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುತ್ತಿದ್ದವರು, ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ನಾನು ಅದೇ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಇನ್ನೂ ಸೂಲಗಿತ್ತಿ. ಬಿಚ್ಚುವ ಮಾತನ್ನು ಅಲ್ಲಿಗೇ ನಿಲ್ಲಿಸಿ ಕಾರನ್ನು ಮನೆಗೆ ತಂದೆವು.

ಮರುದಿನ ಅವರು ಎಂಜಿನ್ ಎಣ್ಣೆಯ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ ನನಗೆ ತೋರಿಸಿದರು. "ನೀರು ಸೇರಿದ್ರೆ ಹಾಲು ಹಾಕಿದ ಚಹಾ ಥರ ಆಗಿರಬೇಕಿತ್ತು. ನೋಡು, ಕಪ್ಪಗೇ ಇದೆ." ಆಮೇಲೆ ಎಂಜಿನ್ನಿನಿಂದ ಥರ್ಮೋಸ್ಟಾಟ್ ಬಿಚ್ಚಿದರು. ಎಂಜಿನ್ ಕಾದಾಗ ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುವ, ಅಂಗೈಯಷ್ಟಿನ ಹಿತ್ತಾಳೆಯ ಬಾಗಿಲು ಅದು. ನಾನು ಅಂಗಳದಿಂದ ಒಳಗೆ ಬರುವಷ್ಟರಲ್ಲಿ ಅದು ಇದ್ದಿಲ ಒಲೆಯ ಮೇಲೆ, ನನ್ನ ಬಾಳೆಕಾಯಿ ಬೇಯಿಸುವ ಪಾತ್ರೆಯಲ್ಲಿ ದಾರಕ್ಕೆ ನೇತಾಡುತ್ತಿತ್ತು.

"ಬಾಬಾ ಸೆಕೇಲಾ! ಮಧ್ಯಾಹ್ನಕ್ಕೆ ಇದನ್ನೇ ತಿಂತೀರಾ?" ಮಗಳ ಹೆಸರು ಹಿಡಿದೇ ನಾವು ಒಬ್ಬರನ್ನೊಬ್ಬರು ಕರೆಯುವುದು: ಅವರು ಬಾಬಾ, ಅಂದರೆ ಅವಳ ಅಪ್ಪ; ನಾನು ಮಾಮಾ.

"ಬಯ್ಯೋದು ಆಮೇಲೆ. ಬಾ, ಥರ್ಮಾಮೀಟರ್ ಹಿಡ್ಕೋ."

ಬೈಯುತ್ತಲೇ ಹಿಡಿದೆ. ಎಪ್ಪತ್ತು, ಎಪ್ಪತ್ತೈದು. ಏನೂ ಆಗಲಿಲ್ಲ. ಎಂಬತ್ತೆರಡು ದಾಟುತ್ತಲೇ ಹಿತ್ತಾಳೆಯ ಬಿಲ್ಲೆ ತನ್ನಷ್ಟಕ್ಕೆ ಮೆಲ್ಲಗೆ ಮೇಲೆದ್ದಿತು. ನನಗೆ ಗೊತ್ತಿಲ್ಲದೆಯೇ "ಓ!" ಎಂದಿದ್ದೆ. ತಣ್ಣೀರು ಹಾಕಿಸಿ ಮುಚ್ಚುವುದನ್ನು ನೋಡಿದೆ. ಮತ್ತೆ ಕಾಯಿಸಿ ಇನ್ನೊಂದು ಸಲ ನೋಡಿದೆ. ಥರ್ಮೋಸ್ಟಾಟ್ ಚೆನ್ನಾಗಿಯೇ ಇತ್ತು. ಅಂದು ಊಟ ತಡವಾಯಿತು.

ಇನ್ನು ಸೋರಿಕೆಯ ಸರದಿ. ಅವರು ರೇಡಿಯೇಟರಿನ ಹಳೆಯ ಮುಚ್ಚಳವೊಂದನ್ನು ತಂದು, ತೂತು ಕೊರೆದು, ಸೈಕಲ್ ಟ್ಯೂಬಿನ ವಾಲ್ವ್ ಬೆಸುಗೆ ಹಾಕಿಸಿದರು. ಟಯರ್ ಅಂಗಡಿಯಿಂದ ಒತ್ತಡ ತೋರಿಸುವ ಮಾಪಕವೂ ಬಂತು. ಶನಿವಾರ ಮಧ್ಯಾಹ್ನ ನಾನು ಕೆಲಸದಿಂದ ಕಾರಿನಲ್ಲಿ ಬಂದೆ. ಮುಚ್ಚಳ ತೆರೆಯುವಷ್ಟು ಆರಲೆಂದು ಕಾದರು. ಆಮೇಲೆ ಅದನ್ನು ತೆಗೆದು ತಮ್ಮದನ್ನು ಹಾಕಿ, ಸೈಕಲ್ ಪಂಪಿನಿಂದ ಗಾಳಿ ತುಂಬಿದರು. ಮುಳ್ಳು ಹದಿಮೂರಕ್ಕೆ ಬಂತು. ಅರ್ಧ ಗಂಟೆಯಾದರೂ ಹದಿಮೂರು ಬಿಟ್ಟು ಕದಲಲಿಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಗ್ವಾಕಿಸಾ ಬೇಲಿಯ ಆಚೆಯಿಂದಲೇ ನಕ್ಕ. "ನೋಡಿದ್ರಾ? ಹೊರಗೆಲ್ಲೂ ಸೋರ್ತಿಲ್ಲ. ಒಳಗೇ ಅಂತ ನಾನ್ ಹೇಳ್ಲಿಲ್ವಾ?"

"ಒಳಗೆ ಸೋರಿದ್ರೂ ಮುಳ್ಳು ಇಳೀಬೇಕಲ್ವೇನಯ್ಯಾ?"

ಗ್ವಾಕಿಸಾ ಬೇಲಿಯ ಮೇಲಿಂದ ಬಗ್ಗಿ ಮುಳ್ಳನ್ನು ನೋಡಿ, ತನ್ನ ದಾರಿ ಹಿಡಿದ. ನನ್ನ ಗಂಡ ಮಾಪಕವನ್ನು ಬೆರಳಿನಿಂದ ಇನ್ನೊಮ್ಮೆ ತಟ್ಟಿ ನೋಡಿದರು. ಒಳಗೂ ಇಲ್ಲ, ಹೊರಗೂ ಇಲ್ಲ. ಆದರೆ ನೀರಂತೂ ಹೋಗುತ್ತಿದೆ. ಊಟಕ್ಕೆ ಕೂತಾಗಲೂ ಅವರ ಕಣ್ಣು ಅಂಗಳದ ಕಡೆಗೇ ಇತ್ತು. ಬೀನ್ಸ್ ಪಲ್ಯದ ಬಟ್ಟಲು ಹಾಗೇ ಆರಿತು.

"ರಕ್ತ ತೆಗೆಯೋದು ಯಾವಾಗ?" ಎಂದೆ ನಾನು.

"ಏನು?"

"ಜ್ವರ ಏರಿದಾಗಲೇ ತೆಗೀಬೇಕು, ಇಳಿದ ಮೇಲೆ ತೆಗೆದ್ರೆ ಏನೂ ಸಿಗಲ್ಲ ಅಂತ ಹೊಸಬರಿಗೆಲ್ಲ ಹೇಳಿಕೊಡ್ತಿದ್ರಿ. ಈ ಕಾರು ನೀರು ಕೇಳೋದು ಬೆಳಿಗ್ಗೆ. ನೀವು ಪರೀಕ್ಷೆ ಮಾಡಿದ್ದು ಮಧ್ಯಾಹ್ನ, ಅದೂ ಓಡಿಸ್ಕೊಂಡು ಬಂದ ಮೇಲೆ."

"ಹಾಗಾದ್ರೆ ನಾಳೆ ಬೆಳಿಗ್ಗೆ," ಎಂದರು ಅವರು. ಆಮೇಲೆ ಪಲ್ಯ ಬಡಿಸಿಕೊಂಡರು.

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡುವ ಮೊದಲೇ ಕೋಟು ಹಾಕಿಕೊಂಡು ಅಂಗಳಕ್ಕೆ ಬಂದೆವು. ಜುಲೈ ನಮ್ಮ ಬೆಟ್ಟದೂರಿಗೆ ಚಳಿಗಾಲ, ಬಾನೆಟ್ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಗಾಳಿ ತುಂಬಿದರು. ಹದಿಮೂರು. ಐದು ನಿಮಿಷಕ್ಕೆ ಹನ್ನೊಂದು. ಹತ್ತು ನಿಮಿಷಕ್ಕೆ ಎಂಟು.

"ಇಳೀತಿದೆ, ಮಾಮಾ ಸೆಕೇಲಾ, ಇಳೀತಿದೆ!" ಕಳೆದುಹೋದ ಮೇಕೆ ಸಿಕ್ಕವರ ಹಾಗೆ ಕೂಗಿದರು.

ಆದರೆ ಎಲ್ಲಿ? ಟಾರ್ಚ್ ಹಾಕಿದರೂ ಏನೂ ಕಾಣಲಿಲ್ಲ. ನಾನು ಒಳಗೆ ಹೋಗಿ ಕೆಲಸದ ಚೀಲದಿಂದ ಮರದ ಕೊಂಬು ತಂದೆ. ಬಸುರಿಯ ಹೊಟ್ಟೆಗಿಟ್ಟು ಮಗುವಿನ ಎದೆಬಡಿತ ಕೇಳುವಂಥದು. ಅಗಲದ ಬಾಯನ್ನು ಎಂಜಿನ್ನಿನ ಕಡೆಗಿಟ್ಟು, ಕಿರಿದಾದ ತುದಿಗೆ ಕಿವಿಗೊಟ್ಟೆ. ರೇಡಿಯೇಟರ್ ಬಳಿ ಮೌನ. ಮೇಲಿನ ಪೈಪಿನಲ್ಲೂ ಮೌನ. ಕೈ ತೂರಿಸಿ ನೀರಿನ ಪಂಪಿನ ಹಿಂದಕ್ಕೆ ಇಟ್ಟೆ.

"ಶ್! ಉಸಿರಾಡಬೇಡಿ ನೀವು."

ಹಾವಿನ ಮರಿ ಬುಸುಗುಟ್ಟಿದಂತೆ ಸಣ್ಣ ಸದ್ದು. ಅವರು ಕ್ಷೌರದ ಕನ್ನಡಿ ತಂದು ಹಿಡಿದರು. ಅಲ್ಲೊಂದು ಗಿಡ್ಡ ರಬ್ಬರ್ ಪೈಪು. ಅದನ್ನು ಬಿಗಿದಿದ್ದ ತುಕ್ಕು ಹಿಡಿದ ಪಟ್ಟಿಯ ಅಂಚಿನಲ್ಲಿ ಒಂದು ಹನಿ ಕೂಡಿ, ಕೆಳಗಿನ ತಗಡಿನ ಮೇಲಿದ್ದ ಎಣ್ಣೆಗೆಸರಿಗೆ ಬಿತ್ತು. ನೆಲಕ್ಕೆ ಬರದೆ ಅಲ್ಲೇ ಇಂಗುತ್ತಿತ್ತು.

ಅಷ್ಟಕ್ಕೇ ಅವರಿಗೆ ಸಮಾಧಾನವಾಗಲಿಲ್ಲ. ಕೆಟಲಿನ ಬಿಸಿನೀರನ್ನು ಆ ಕೀಲಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಸುರಿದರು. ಬುಸುಗುಟ್ಟುವುದು ನಿಂತಿತು. ಮುಳ್ಳೂ ನಿಂತಿತು.

"ಚಳಿಗೆ ರಬ್ಬರು ಕುಗ್ಗಿ ಸೋರುತ್ತೆ. ಕಾದ ಕೂಡಲೇ ಉಬ್ಬಿ ಮುಚ್ಚಿಕೊಳ್ಳುತ್ತೆ," ಎಂದರು, ಕೆಟಲ್ ಹಿಡಿದುಕೊಂಡೇ. "ಅದಕ್ಕೇ ಮಧ್ಯಾಹ್ನ ಸಾಧು ಥರ ಇತ್ತು, ಕಳ್ಳ!"

ಕರೆ ಕಳಿಸಿದಾಗ ಗ್ವಾಕಿಸಾ ಚರ್ಚಿನ ಅಂಗಿಯಲ್ಲೇ ಬಂದ. ಕೀಲು ಅಷ್ಟರಲ್ಲಿ ಮತ್ತೆ ತಣ್ಣಗಾಗಿತ್ತು. ಕೊಂಬಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದ.

"ಮಾಮಾ, ಇದರಲ್ಲಿ ಮಕ್ಕಳ ಸದ್ದು ಕೇಳ್ತೀರಾ?"

"ಹೌದು. ಇದೊಂದು ಮಗುಗೆ ಸ್ವಲ್ಪ ಉಬ್ಬಸ."

ಅವನು ನಕ್ಕ, ಆಮೇಲೆ ತಲೆ ಕೆರೆದುಕೊಂಡ. "ಎಂಜಿನ್ ಬಿಚ್ಚಿಬಿಡ್ತಿದ್ದೆ ಹಿರಿಯರೇ. ಸುಳ್ಳಲ್ಲ."

"ಗೊತ್ತಿಲ್ಲ ಅಂತ ಹೇಳೋಕೆ ನನಗೂ ಬಹಳ ವರ್ಷ ಹಿಡೀತು," ಎಂದರು ನನ್ನ ಗಂಡ. "ಬಾ, ಮೊದಲು ಚಹಾ ಕುಡಿ."

ಹೊಸ ಪೈಪು, ಹೊಸ ಪಟ್ಟಿ ಹಾಕಲು ಅವನಿಗೆ ಮುಕ್ಕಾಲು ಗಂಟೆ ಸಾಕಾಯಿತು. ಮೊದಲ ಪ್ರಾರ್ಥನೆ ತಪ್ಪಿತು. ಎರಡನೆಯದಕ್ಕೆ ಮೂವರೂ ಅದೇ ಕಾರಿನಲ್ಲಿ ಹೋದೆವು. ಉಗುರಿನ ಮಸಿ ಯಾರಿಗೂ ಕಾಣದಿರಲೆಂದು ಅವರಿಬ್ಬರೂ ಕೊನೆಯ ಬೆಂಚಿನಲ್ಲಿ ಕೂತು, ಕೀರ್ತನೆಯ ನಡುವೆಯೂ ಕುಗ್ಗುವ ರಬ್ಬರಿನ ಬಗ್ಗೆ ಪಿಸುಗುಟ್ಟುತ್ತಲೇ ಇದ್ದರು.